ಗೇಟು ನುಂಗಿದ ‘ಅಲ್ಲ’: ಆಟಿಯ ಒಂದು ತಾಳಮದ್ದಳೆ ರೆಕಾರ್ಡಿಂಗಿನ ಕಥೆ

ಕಾಸರಗೋಡಿನ ಮುಳ್ಳೇರಿಯದಿಂದ ಸ್ವಲ್ಪ ಒಳಗೆ ಒಂದು ತೋಟದ ಮನೆ. ಆಟಿ ತಿಂಗಳ (ತುಳುನಾಡಿನ ಜೋರು ಮಳೆಯ ತಿಂಗಳು) ಒಂದು ಶನಿವಾರ ಅಲ್ಲಿ ತಾಳಮದ್ದಳೆ ಇತ್ತು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟ. ಕಥಾಭಾಗ ವಾಲಿವಧೆ. ಮೈಕ್ ಸೆಟ್ಟೂ ನನ್ನದೇ, ರೆಕಾರ್ಡಿಂಗೂ ನನ್ನದೇ. ಮನೆಯವರ ಮಗಳು ದುಬೈಯಲ್ಲಿದ್ದಾರೆ. ಅವರಿಗೆ ಬರಲು ಆಗಲಿಲ್ಲ, ಹಾಗಾಗಿ ಪೂರ್ತಿ ಕೂಟವನ್ನು ಚೆನ್ನಾಗಿ ರೆಕಾರ್ಡ್ ಮಾಡಿ ಕಳಿಸಬೇಕು ಅಂತ ಮೊದಲೇ ಹೇಳಿದ್ದರು. ವಾಲಿಯ ಅರ್ಥ ಹೇಳುವವರು ನಿವೃತ್ತ ಮಾಷ್ಟ್ರು, ಎಪ್ಪತ್ತೈದು ದಾಟಿದವರು. ಈಗೀಗ ಕೂಟಗಳಿಗೆ ಹೋಗುವುದನ್ನು ಕಡಿಮೆ ಮಾಡಿದ್ದಾರೆ. ಅವರ ವಾಲಿ ಇನ್ನೊಮ್ಮೆ ಸಿಗುತ್ತದೋ ಇಲ್ಲವೋ ಎನ್ನುವ ಯೋಚನೆ ಎಲ್ಲರಿಗೂ ಇತ್ತು.

ಆ ವಾಲಿಯನ್ನು ನಾನು ಹಾಳು ಮಾಡಿದೆ. ಪೂರ್ತಿ ಅಲ್ಲ, ಆದರೆ ಹಾಳಾಗಬಾರದ ಜಾಗದಲ್ಲೇ ಹಾಳಾಯಿತು. ಆದದ್ದು ಹೇಗೆ, ಆಮೇಲೆ ಎಷ್ಟು ಉಳಿಸಿಕೊಂಡೆ, ಮುಂದಿನ ಕೂಟದಲ್ಲಿ ಏನು ಬದಲಾಯಿಸಿದೆ ಎಂದು ಬರೆದಿಡುತ್ತೇನೆ. ನಮ್ಮ ಕಡೆ ಈ ಕೆಲಸ ಮಾಡುವ ಹುಡುಗರು ಹಲವರಿದ್ದಾರೆ, ಅವರಿಗಾದರೂ ಉಪಯೋಗಕ್ಕೆ ಬಂದೀತು.

ಮೊದಲು ಅವತ್ತಿನ ಜೋಡಣೆ ಹೇಳುತ್ತೇನೆ. ಚಾವಡಿಯಲ್ಲಿ ಹಾಡು-ವಾದ್ಯದ ಹಿಮ್ಮೇಳ, ಅದರ ಎರಡು ಪಕ್ಕದಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು. ಜನ ಕೂತದ್ದು ಅಂಗಳದಲ್ಲಿ, ತಗಡಿನ ಶೀಟಿನ ಕೆಳಗೆ. ಅಡಿಕೆ ಒಣಗಿಸುವ ಅಂಗಳಕ್ಕೆ ಈಗ ಎಲ್ಲ ಮನೆಗಳಲ್ಲೂ ಶೀಟು ಉಂಟಲ್ವಾ, ಅದೇ. ನಾಲ್ಕು ಅರ್ಥಧಾರಿಗಳಿಗೆ ನಾಲ್ಕು ಮೈಕ್. ಹಾಡುವ ಭಾಗವತರಿಗೆ, ಮದ್ದಳೆಗೆ, ಚೆಂಡೆಗೆ, ಚಕ್ರತಾಳಕ್ಕೆ ಒಂದೊಂದು. ನನ್ನ ರ‍್ಯಾಕಿನಲ್ಲಿ ಕಂಪ್ರೆಸರ್ ಮತ್ತು ಗೇಟು ಒಟ್ಟಿಗೇ ಇರುವ ಯೂನಿಟು ಮೂರು, ಒಂದೊಂದರಲ್ಲಿ ಎರಡು ಚಾನೆಲ್. ಕಂಪ್ರೆಸರ್ ಅಂದರೆ ಜೋರು ದನಿಯನ್ನು ತಗ್ಗಿಸುವುದು, ಗೇಟು ಅಂದರೆ ದನಿ ಒಂದು ಮಟ್ಟಕ್ಕಿಂತ ಇಳಿದಾಗ ಮೈಕಿನ ದಾರಿಯನ್ನೇ ಮುಚ್ಚುವುದು. ಮಂಗಳೂರಿನಲ್ಲಿ ಸೌಂಡ್ ಕೆಲಸ ಬಿಟ್ಟವರೊಬ್ಬರಿಂದ ಕೊಂಡ ಹಳೇ ಸಾಮಾನು. ನಾಲ್ಕು ಅರ್ಥಧಾರಿಗಳು, ಭಾಗವತರು, ಮದ್ದಳೆ, ಅಲ್ಲಿಗೆ ಆರೂ ಚಾನೆಲ್ ಭರ್ತಿ. ಮಿಕ್ಸರಿನ ಇನ್ಸರ್ಟಿಗೆ (ದನಿಯನ್ನು ಹೊರಗಿನ ಪೆಟ್ಟಿಗೆಗೆ ಕಳಿಸಿ ವಾಪಸ್ ತರುವ ಜ್ಯಾಕ್) ಯೂನಿಟು ಹಾಕಿದ್ದೆ. ಯೂನಿಟಿನಿಂದ ಹೊರಗೆ ಬಂದ ದನಿ ಸ್ಪೀಕರಿಗೂ ಹೋಗುತ್ತಿತ್ತು, ಎಂಟು ಟ್ರ್ಯಾಕಿನ ರೆಕಾರ್ಡರಿಗೂ ಹೋಗುತ್ತಿತ್ತು. ತಪ್ಪಿನ ಬೇರು ಇರುವುದು ಇಲ್ಲೇ.

ಕಂಪ್ಯೂಟರಿನಲ್ಲಿ ಎಲ್ಲಾ ಪ್ಲಗಿನ್ (ಇದೇ ಕೆಲಸ ಮಾಡುವ ಸಾಫ್ಟ್‌ವೇರ್) ಸಿಗುವಾಗ ಈ ಪೆಟ್ಟಿಗೆ ಯಾಕೆ ಅಂತ ಕೇಳುವವರಿದ್ದಾರೆ. ಕೂಟದಲ್ಲಿ ಎದುರಿಗೆ ಗುಬ್ಬಿ (ತಿರುಗಿಸುವ ನಾಬ್) ಇರಬೇಕು, ಕೈ ಹಾಕಿದ ತಕ್ಷಣ ಸಿಗಬೇಕು. ದನಿ ಒಂದು ಚೂರೂ ತಡವಾಗದೆ ಸ್ಪೀಕರಿಗೆ ಹೋಗಬೇಕು. ಅದು ಬಿಟ್ಟು, ಆ ಪೆಟ್ಟಿಗೆಗಳ ಮೇಲೆ ನನಗೆ ಪ್ರೀತಿಯೂ ಉಂಟು. ಸಣ್ಣ ದೀಪಗಳು ದನಿಯ ಜೊತೆ ಏರುವುದು ಇಳಿಯುವುದು ನೋಡುತ್ತಾ ಕೂತರೆ ಅರ್ಥಧಾರಿಯ ಉಸಿರು ಲೆಕ್ಕಕ್ಕೆ ಸಿಗುತ್ತದೆ.

ಸಂಜೆ ಐದಕ್ಕೆ ಮೈಕ್ ಟೆಸ್ಟ್ ಮಾಡಿದೆ. ಮಳೆ ಬಿಟ್ಟಿತ್ತು. ಮಾಷ್ಟ್ರು ಮೈಕಿನ ಎದುರು ಕೂತು ವಾಲಿಯ ಪೀಠಿಕೆಯ ನಾಲ್ಕು ಮಾತು ಗಟ್ಟಿಯಾಗಿ ಹೇಳಿದರು. ಆ ದನಿಗೆ ಸರಿಯಾಗಿ ಗೇಟಿನ ಥ್ರೆಶೋಲ್ಡ್ (ಅದು ತೆರೆಯುವ-ಮುಚ್ಚುವ ಮಟ್ಟ) ಇಟ್ಟೆ, ಕಂಪ್ರೆಸರಿನ ರೇಶಿಯೋ (ಎಷ್ಟಕ್ಕೆ ಎಷ್ಟು ತಗ್ಗಿಸಬೇಕು ಅನ್ನುವುದು) 4ಕ್ಕೆ 1 ಇಟ್ಟೆ. ಏಳಕ್ಕೆ ಸ್ತುತಿಪದ್ಯ ಶುರುವಾಯಿತು. ಏಳೂವರೆಗೆ ಮಳೆ ಬಂತು.

ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆಟಿಯ ಮಳೆ ತಗಡಿನ ಮೇಲೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ಎಂಟು ಮೈಕೂ ತೆರೆದೇ ಇದ್ದುವು, ಎಂಟರಿಂದಲೂ ಮಳೆ ಒಳಗೆ ಬರುತ್ತಿತ್ತು. ಮೀಟರ್ ನೋಡಿ ಹೆದರಿ ಗೇಟಿನ ಥ್ರೆಶೋಲ್ಡ್ ಏರಿಸಿದೆ. ಯಾರೂ ಮಾತಾಡದಿದ್ದಾಗ ಗೇಟು ಮುಚ್ಚಿತು, ಮಳೆ ಹೋಯಿತು. ಸ್ಪೀಕರಿನಲ್ಲಿ ಚೊಕ್ಕವಾಗಿ ಕೇಳಿತು. ಒಬ್ಬರು ಬಂದು “ಎಂತ ಕ್ಲಿಯರ್ ಉಂಟು ಮಾರಾಯ” ಅಂತ ಬೆನ್ನು ತಟ್ಟಿ ಹೋದರು. ರಾತ್ರಿ ಹನ್ನೊಂದಕ್ಕೆ ಮಂಗಳ ಹಾಡಿ ಮುಗಿಯಿತು. ನಾನು ಖುಷಿಯಲ್ಲೇ ಮನೆಗೆ ಬಂದೆ.

ಮರುದಿನ ಮಧ್ಯಾಹ್ನ ಹೆಡ್‌ಫೋನ್ ಹಾಕಿ ಕೂತೆ. ಮೊದಲ ಒಂದು ಗಂಟೆ ಪರವಾಗಿಲ್ಲ. ವಾಲಿಗೆ ಬಾಣ ತಾಗಿತು. ಅಲ್ಲಿಂದ ಮುಂದೆ ನನ್ನ ಕೈಕಾಲು ತಣ್ಣಗಾಯಿತು.

ತಾಳಮದ್ದಳೆ ಕೇಳಿದವರಿಗೆ ಗೊತ್ತು. ಬಾಣ ತಾಗುವವರೆಗೆ ವಾಲಿ ಗರ್ಜಿಸುತ್ತಾನೆ. ಬಿದ್ದ ಮೇಲೆ ಅವನ ದನಿ ಇಳಿಯುತ್ತದೆ, ಮಾತು ಮಾತ್ರ ಹರಿತವಾಗುತ್ತದೆ. ಮರೆಯಲ್ಲಿ ನಿಂತು ಹೊಡೆದೆಯಲ್ಲಾ ಎಂದು ಅವನು ರಾಮನನ್ನು ಕೇಳುವ ಜಾಗವೇ ಇಡೀ ಕೂಟದ ಜೀವ. ರಾಮಾಯಣದ ಪ್ರಸಂಗಗಳನ್ನು ಬರೆದ ಕುಂಬಳೆಯ ಪಾರ್ತಿಸುಬ್ಬನ ನಾಡಿನವರು ನಾವು, ಈ ಜಾಗಕ್ಕಾಗಿ ಕಾದು ಕೂರುತ್ತೇವೆ. ಮಾಷ್ಟ್ರ ಗರ್ಜನೆಗೂ ಈ ಇಳಿದ ದನಿಗೂ ನನ್ನ ಮೀಟರಿನಲ್ಲಿ 30 ಡೆಸಿಬಲ್ ಹತ್ತಿರ ಅಂತರ ಇತ್ತು. ಗೇಟು ಇಟ್ಟದ್ದು ಗರ್ಜನೆಗೆ, ಅದನ್ನು ಮತ್ತೆ ಏರಿಸಿದ್ದು ಮಳೆಗೆ. ಇಳಿದ ದನಿ ಆ ಎರಡರ ಕೆಳಗೆ ಸಿಕ್ಕಿಬಿತ್ತು.

ಮಾಷ್ಟ್ರು ಹೇಳಿದ್ದು ಹೀಗೆ: “ರಾಮಾ, ನಾನು ನಿನಗೆ ಕೇಡು ಬಗೆದವನಲ್ಲ. ನಿನ್ನ ನಾಡಿಗೆ ನಾನು ಕಾಲಿಟ್ಟದ್ದೂ ಇಲ್ಲ.”

ಟ್ರ್ಯಾಕಿನಲ್ಲಿ ಉಳಿದದ್ದು ಹೀಗೆ: “ಮಾ, ನಾನು ನಿನಗೆ ಕೇಡು ಬಗೆದವ. ನ್ನ ನಾಡಿಗೆ ನಾನು ಕಾಲಿಟ್ಟದ್ದು.”

ಅರ್ಥವೇ ತಿರುಗಿಹೋಯಿತು. ಕೇಡು ಬಗೆಯದವನು ಕೇಡು ಬಗೆದವನಾದ. ನಮ್ಮ ಭಾಷೆಯಲ್ಲಿ ‘ಅಲ್ಲ’, ‘ಇಲ್ಲ’, ‘ಬೇಡ’, ‘ಬಾರದು’ ಎಲ್ಲ ಬರುವುದು ವಾಕ್ಯದ ಕೊನೆಗೆ. ಉಸಿರು ಮುಗಿಯುವುದೂ ಅಲ್ಲೇ, ದನಿ ಇಳಿಯುವುದೂ ಅಲ್ಲೇ. ಗೇಟಿಗೆ ಮಾತು ತಿಳಿಯುವುದಿಲ್ಲ, ಮಟ್ಟ ಮಾತ್ರ ತಿಳಿಯುತ್ತದೆ. ಮಟ್ಟ ಇಳಿದ ಕೂಡಲೇ ಮುಚ್ಚುತ್ತದೆ. ಕನ್ನಡದ ಮಾತಿಗೆ ಅವಸರದಲ್ಲಿ ಮುಚ್ಚುವ ಗೇಟು ಹಾಕಿದರೆ ಮೊದಲು ಹೋಗುವುದೇ ವಾಕ್ಯದ ತೀರ್ಮಾನ. ಗೇಟಿನ ವಿಷಯ ನಾನು ಎಷ್ಟೋ ಓದಿದ್ದೆ, ವಿಡಿಯೋಗಳನ್ನೂ ನೋಡಿದ್ದೆ. ಇದನ್ನು ಮಾತ್ರ ಯಾರೂ ಹೇಳಿರಲಿಲ್ಲ. ಅವೆಲ್ಲ ಹೆಚ್ಚಾಗಿ ಡ್ರಮ್ಮಿನ ಮಾತು. 1980ರ ದಶಕದ ಪಾಶ್ಚಾತ್ಯ ಪಾಪ್ ಹಾಡುಗಳಲ್ಲಿ ಡ್ರಮ್ಮಿಗೆ ದೊಡ್ಡ ಗುಂಯ್ ಸದ್ದು ಕೊಟ್ಟು, ಅದರ ಬಾಲವನ್ನು ಗೇಟಿನಿಂದ ಟಪ್ ಅಂತ ಕತ್ತರಿಸುತ್ತಿದ್ದರು. ಕೇಳಲು ಚೆಂದವೇ. ಅಲ್ಲಿ ಬಾಲ ಕತ್ತರಿಸಿದರೆ ಅದೊಂದು ಶೈಲಿ, ಮಾತಿನ ಬಾಲದಲ್ಲಿ ಇರುವುದು ಅರ್ಥ.

ಇನ್ನೂ ಒಂದು ತೊಂದರೆ ಇತ್ತು. ಗೇಟು ಮುಚ್ಚಿದಾಗ ಮಳೆ ಪೂರ್ತಿ ಮಾಯ, ತೆರೆದಾಗ ಮಳೆ ಧೋ ಅಂತ ಹಾಜರ್. ಮಾತಿನ ನಡುವೆ ಮಳೆ ಹೀಗೆ ಬಂದು ಹೋಗುತ್ತಿದ್ದರೆ ಕಿವಿ ಮಾತು ಬಿಟ್ಟು ಮಳೆಯನ್ನೇ ಹಿಡಿಯುತ್ತದೆ. ಒಂದೇ ಹದದಲ್ಲಿ ಸುರಿಯುವ ಮಳೆಯನ್ನು ಐದು ನಿಮಿಷದಲ್ಲಿ ಮರೆಯಬಹುದು. ಇದನ್ನು ಮರೆಯಲು ಆಗುವುದಿಲ್ಲ.

ಕೂಟದಲ್ಲಿ ಯಾಕೆ ಗೊತ್ತಾಗಲಿಲ್ಲ? ಚಾವಡಿ ಸಣ್ಣದು. ಮಾಷ್ಟ್ರ ಸ್ವಂತ ದನಿಯೇ ನಮ್ಮ ಕಿವಿಗೆ ಬೀಳುತ್ತಿತ್ತು. ಬೇರೆ ಮೈಕುಗಳಿಂದಲೂ ಅವರ ಮಾತು ಸ್ವಲ್ಪ ಬರುತ್ತಿತ್ತು. ಸ್ಪೀಕರಿನಲ್ಲಿ ಬಿಟ್ಟುಹೋದದ್ದನ್ನು ಕಿವಿ ಅಲ್ಲಿಂದ ತುಂಬಿಸಿಕೊಂಡಿತು. ನಾನು ಒಮ್ಮೆಯೂ ಹೆಡ್‌ಫೋನಿನಲ್ಲಿ ಅವರ ಚಾನೆಲ್ ಒಂದನ್ನೇ ಕೇಳಿ ನೋಡಲಿಲ್ಲ. ಅದು ಶುದ್ಧ ಉದಾಸೀನ.

ಕಂಪ್ರೆಸರಿನಲ್ಲೂ ತಪ್ಪುಗಳಿದ್ದುವು. ಒಂದು ಬಟನ್ ತಪ್ಪು. ರಾಮ ಮತ್ತು ವಾಲಿ ಒಂದೇ ಯೂನಿಟಿನ ಎರಡು ಚಾನೆಲಿನಲ್ಲಿದ್ದರು. ಹಿಂದಿನ ವಾರ ಯಾವುದೋ ಸ್ಟೀರಿಯೋ ಕೆಲಸಕ್ಕೆ ಒತ್ತಿದ್ದ ಲಿಂಕ್ ಬಟನ್ ಹಾಗೇ ಉಳಿದಿತ್ತು. ಲಿಂಕ್ ಇದ್ದರೆ ಒಂದು ಚಾನೆಲ್ ಇಳಿದಾಗ ಇನ್ನೊಂದೂ ಇಳಿಯುತ್ತದೆ. ರಾಮ ಏರಿದ ದನಿಯಲ್ಲಿ ಮಾತಾಡುವಾಗ ವಾಲಿಯ “ಹೂಂ”, “ಹೌದೋ” ಎಲ್ಲ ತಗ್ಗಿಹೋದದ್ದು ಹಾಗೆ. ಬೇರೆ ಬೇರೆ ಜನರ ಮೈಕಿಗೆ ಲಿಂಕ್ ಬೇಡವೇ ಬೇಡ.

ಎರಡನೆಯದು ಮೇಕಪ್ ಗೇನ್, ಅಂದರೆ ತಗ್ಗಿದ ದನಿಯನ್ನು ಮತ್ತೆ ಎತ್ತುವುದು. 4ಕ್ಕೆ 1 ಅಂದರೆ, ಮಿತಿಗಿಂತ (ಕಂಪ್ರೆಸರಿನ ಥ್ರೆಶೋಲ್ಡಿಗಿಂತ) 12 ಡೆಸಿಬಲ್ ಮೇಲೆ ಹೋದ ದನಿ 3 ಡೆಸಿಬಲ್ ಮಾತ್ರ ಮೇಲೆ ಬರುತ್ತದೆ. ಹಾಗೆ ತಗ್ಗಿದ್ದಕ್ಕೆ ನಾನು 8 ಡೆಸಿಬಲ್ ಗೇನ್ ಕೊಟ್ಟೆ. ಜೋರು ಮಾತಿಗೆ ಅದು ಸರಿಯೇ. ಆದರೆ ಮಾತು ನಿಂತು ಕಂಪ್ರೆಸರ್ ಕೈಬಿಟ್ಟ ಗಳಿಗೆಯಲ್ಲಿ ಮಳೆಯೂ 8 ಡೆಸಿಬಲ್ ಏರಿತು. ಕಂಪ್ರೆಸರಿನಿಂದ ನಾನೇ ಮಳೆಯನ್ನು ಎಬ್ಬಿಸಿದ್ದು, ಗೇಟಿನಿಂದ ನಾನೇ ಅದರ ಬಾಯಿ ಮುಚ್ಚಿಸಿದ್ದು. ಗೇನ್ ಕಡಿಮೆ ಇದ್ದಿದ್ದರೆ ಗೇಟನ್ನು ಅಷ್ಟು ಬಿಗಿ ಮಾಡಬೇಕಾಗಿರಲಿಲ್ಲ.

ಭಾಗವತರ ಚಾನೆಲಿನ ಸಮಸ್ಯೆ ನಮ್ಮ ತೆಂಕುತಿಟ್ಟಿಗೇ (ಯಕ್ಷಗಾನದ ದಕ್ಷಿಣದ ಶೈಲಿ) ಸೇರಿದ್ದು. ಭಾಗವತರ ಕೈಯಲ್ಲಿ ಜಾಗಟೆ ಇರುತ್ತದೆ. ಮೈಕಿಗೆ ಬಾಯಿ ಎಷ್ಟು ಹತ್ತಿರವೋ, ಜಾಗಟೆಯೂ ಹೆಚ್ಚುಕಡಿಮೆ ಅಷ್ಟೇ ಹತ್ತಿರ. ಕಂಪ್ರೆಸರಿಗೆ ಹಾಡು ಯಾವುದು, ಪೆಟ್ಟು ಯಾವುದು ಅನ್ನುವ ಭೇದ ಇಲ್ಲ. ಜಾಗಟೆಯ ಒಂದೊಂದು ಪೆಟ್ಟಿಗೂ ಅದು 6 ಡೆಸಿಬಲ್ ಅದುಮಿತು, ಜೊತೆಗೆ ಹಾಡೂ ಅದುಮಿಹೋಯಿತು. ನಿಧಾನ ಲಯದ ಪದದಲ್ಲಿ ದನಿ ಅದುಮಿ, ಏಳುತ್ತಾ, ಮತ್ತೆ ಅದುಮಿ, ತೊಟ್ಟಿಲು ತೂಗಿದ ಹಾಗೆ ಕೇಳುತ್ತಿತ್ತು. ಲಯ ಏರಿದ ಮೇಲೆ ದನಿ ಏಳಲೇ ಇಲ್ಲ.

ಮದ್ದಳೆಯ ಗೇಟಿನದ್ದು ಎರಡು ಮಾತಿನಲ್ಲಿ ಮುಗಿಯುತ್ತದೆ. ಪಕ್ಕದಲ್ಲೇ ಚೆಂಡೆ ಬಾರಿಸಿದಾಗ ಗೇಟು ಚೆಂಡೆಗೆ ತೆರೆಯಿತು, ಮದ್ದಳೆಯ ಮೆತ್ತನೆಯ ಪೆಟ್ಟಿಗೆ ಮುಚ್ಚಿಯೇ ಇತ್ತು. ಅಲ್ಲಿ ಗೇಟು ಹಾಕಿದ್ದೇ ತಪ್ಪು.

ಪೆಟ್ಟಿಗೆಯಲ್ಲಿ ಕತ್ತರಿಸಿ ರೆಕಾರ್ಡ್ ಮಾಡಿದ್ದು ವಾಪಸ್ ಬರುವುದಿಲ್ಲ. ಕಂಪ್ರೆಸರ್ ಅದುಮಿದ್ದನ್ನು ಕಂಪ್ಯೂಟರಿನಲ್ಲಿ ಕೂತು ಮಟ್ಟದ ಗೆರೆ ಎಳೆದು ಸ್ವಲ್ಪ ಎತ್ತಬಹುದು. ಗೇಟು ಮುಚ್ಚಿದ ಜಾಗದಲ್ಲಿ ಎತ್ತಲು ಏನೂ ಇರುವುದಿಲ್ಲ.

ನನ್ನನ್ನು ಉಳಿಸಿದ್ದು ಚಾವಡಿಯ ಕಂಬಕ್ಕೆ ಕಟ್ಟಿದ್ದ ಒಂದು ಕೈರೆಕಾರ್ಡರ್. ಎರಡು ಮೈಕಿನದ್ದು, ಬ್ಯಾಟರಿ ಹಾಕಿ ಸುಮ್ನೆ ಬಿಟ್ಟಿದ್ದೆ. ಅದರಲ್ಲಿ ಮಳೆ ಜಾಸ್ತಿ, ಚೆಂಡೆ ಜಾಸ್ತಿ, ಆದರೆ ‘ಅಲ್ಲ’ ಇತ್ತು. ‘ಇಲ್ಲ’ವೂ ಇತ್ತು. ಅದನ್ನೇ ಕೆಳಗೆ ಹಾಸಿ, ಅದರ ಮೇಲೆ ಮೈಕ್ ಟ್ರ್ಯಾಕುಗಳನ್ನು ಇಟ್ಟೆ. ಕಂಬ ಇದ್ದದ್ದು ಮಾಷ್ಟ್ರಿಂದ ಮೂರೂವರೆ ಮೀಟರ್ ದೂರ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಹೋಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹಾಗಾಗಿ ಕಂಬದ ರೆಕಾರ್ಡಿಂಗನ್ನು 10 ಮಿಲಿಸೆಕೆಂಡ್ ಹಿಂದಕ್ಕೆ ಎಳೆದು ಕೂಡಿಸಿದೆ. ಎರಡು ರೆಕಾರ್ಡರುಗಳ ಗಡಿಯಾರ ಒಂದೇ ವೇಗದಲ್ಲಿ ಓಡುವುದಿಲ್ಲ, ಅದಕ್ಕೆ ಹತ್ತು ಹತ್ತು ನಿಮಿಷಕ್ಕೆ ಕತ್ತರಿಸಿ ಮತ್ತೆ ಹೊಂದಿಸಬೇಕಾಯಿತು. ಬಾಣ ತಾಗಿದ ಮೇಲಿನ ಇಪ್ಪತ್ತೆರಡು ನಿಮಿಷಕ್ಕೆ ನಾಲ್ಕು ರಾತ್ರಿ ಕೂತೆ. ಗೇಟು ನುಂಗಿದ ಕಡೆಯಲ್ಲೆಲ್ಲ ಕಂಬದ ರೆಕಾರ್ಡಿಂಗನ್ನು ಸ್ವಲ್ಪ ಎತ್ತಿದೆ. ಆ ಜಾಗಗಳಲ್ಲಿ ಮಾಷ್ಟ್ರ ದನಿ ಒಮ್ಮೆಗೇ ದೂರ ಹೋದ ಹಾಗೆ ಕೇಳುತ್ತದೆ. ಕಿವಿಗೆ ಗೊತ್ತಾಗುತ್ತದೆ, ಆದರೆ ಮಾತು ಇದೆ.

ಮಾಷ್ಟ್ರ ಮನೆಗೆ ಹೋಗಿ ಆದದ್ದನ್ನೆಲ್ಲ ಹೇಳಿದೆ. ಕೆಟ್ಟ ಟ್ರ್ಯಾಕನ್ನೂ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು. “ಮಳೆಯನ್ನು ನೀನು ಓಡಿಸುವುದೆಂತಕ್ಕೆ? ಆಟಿಯಲ್ಲಿ ಮಳೆಗೇ ಅಲ್ವಾ ನಾವು ಕೂಟ ಮಾಡುವುದು” ಅಂದರು. ಪತ್ತನಾಜೆಗೆ (ಮಳೆಗಾಲದ ಮೊದಲು ತಿರುಗಾಟ ಮುಗಿಯುವ ದಿನ) ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ತಾಳಮದ್ದಳೆಯ ಕಾಲ. ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಅವರ ಮಾತು ಕೇಳಿದ ಮೇಲೆಯೇ ನನ್ನ ಕೆಲಸ ಏನು ಅನ್ನುವುದು ಸರಿಯಾಗಿ ಕಂಡಿತು. ಮಳೆ ಇರಬೇಕು, ಮಾತಿಗೆ ಅಡ್ಡ ಬರಬಾರದು, ಅಷ್ಟೇ.

ಮುಂದಿನ ಕೂಟ ಮೂರು ವಾರದ ನಂತರ, ಪೆರ್ಲದ ಹತ್ತಿರ ಒಂದು ಮನೆಯಲ್ಲಿ. ಅದೇ ಯೂನಿಟುಗಳು. ಹೊಸತು ಯಾವುದನ್ನೂ ಕೊಂಡಿರಲಿಲ್ಲ.

ಮೊದಲು ಕೇಬಲ್ ಬದಲಾಯಿಸಿದೆ. ಇನ್ಸರ್ಟಿನಿಂದ ಹೊರಗೆ ಬರುವ ದನಿಯನ್ನು ಎರಡಾಗಿ ಒಡೆಯುವ ಕೇಬಲನ್ನು ನಾನೇ ಬೆಸುಗೆ ಹಾಕಿದೆ. ಒಂದು ಕವಲು ನೇರ ರೆಕಾರ್ಡರಿಗೆ, ಇನ್ನೊಂದು ಕಂಪ್ರೆಸರಿಗೆ ಹೋಗಿ ಅಲ್ಲಿಂದ ಸ್ಪೀಕರಿಗೆ. ಈಗ ಕೂಟದಲ್ಲಿ ನಾನು ಏನೇ ತಪ್ಪು ಮಾಡಿದರೂ ರೆಕಾರ್ಡಿನಲ್ಲಿ ಹಸಿ ದನಿ ಇರುತ್ತದೆ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಮಟ್ಟವನ್ನು ಕೆಳಗೆ ಇಡಲು ಹೆದರಬೇಕಾಗಿಲ್ಲ. ಗರ್ಜನೆಗೆ ತುದಿಯಿಂದ 12 ಡೆಸಿಬಲ್ ಜಾಗ ಬಿಟ್ಟೆ.

ಸ್ಪೀಕರಿಗೆ ಹೋಗುವ ದಾರಿಯಲ್ಲಿ ಗೇಟು ಪೂರ್ತಿ ಬಂದ್. ಯಾರು ಮಾತಾಡುವುದಿಲ್ಲವೋ ಅವರ ಫೇಡರನ್ನು ಬೆರಳಿನಲ್ಲಿ ಇಳಿಸಿದೆ, ಪೂರ್ತಿ ಅಲ್ಲ, ಹೂಂಗುಟ್ಟಿದರೆ ಕೇಳುವಷ್ಟು ಬಿಟ್ಟು. ಅರ್ಥಧಾರಿ ಮಾತು ಮುಗಿಸಿ ಭಾಗವತರ ಕಡೆ ನೋಡುವುದು, ಇನ್ನೊಬ್ಬರು ಬಾಯಿ ತೆರೆಯುವ ಮೊದಲು ಸ್ವಲ್ಪ ಮುಂದೆ ಬಾಗುವುದು, ಇದೆಲ್ಲ ಕಣ್ಣಿಗೆ ಕಾಣುತ್ತದೆ. ಗೇಟಿಗೆ ಕಾಣುವುದಿಲ್ಲ. ಪ್ರಸಂಗ ಗೊತ್ತಿದ್ದವರು ಮಿಕ್ಸರಿನ ಹತ್ತಿರ ಕೂತರೆ ಅರ್ಧ ಕೆಲಸ ಆದಹಾಗೆ.

ಕಂಪ್ರೆಸರನ್ನು 2ಕ್ಕೆ 1ಕ್ಕೆ ಇಳಿಸಿದೆ. ಅತಿ ಜೋರು ಮಾತಿಗೆ 4 ಡೆಸಿಬಲ್ ಅದುಮಿದರೆ ಸಾಕು ಅನ್ನುವ ಹಾಗೆ ಥ್ರೆಶೋಲ್ಡ್. ಅಟ್ಯಾಕ್, ಅಂದರೆ ಅದುಮಲು ತೆಗೆದುಕೊಳ್ಳುವ ಹೊತ್ತು, 25 ಮಿಲಿಸೆಕೆಂಡ್. ‘ಕ’, ‘ತ’, ‘ಪ’ದಂಥ ಅಕ್ಷರಗಳ ಮೊನೆ ಅದುಮುವ ಮೊದಲೇ ದಾಟಿಹೋಗಬೇಕು, ಇಲ್ಲದಿದ್ದರೆ ಮಾತು ಮೊಂಡಾಗುತ್ತದೆ. ರಿಲೀಸ್, ಅಂದರೆ ಅದುಮಿದ್ದನ್ನು ಬಿಡಲು ತೆಗೆದುಕೊಳ್ಳುವ ಹೊತ್ತು, 200ರಿಂದ 250 ಮಿಲಿಸೆಕೆಂಡ್. ಲಿಂಕ್ ಬಟನನ್ನು ಎರಡೆರಡು ಸಲ ನೋಡಿದೆ.

ಕಂಪ್ರೆಸರುಗಳಲ್ಲೂ ಜಾತಿ ಉಂಟು. ಎಲ್‌ಎ-2ಎ ಅನ್ನುವ ಹೆಸರಾಂತ ಹಳೇ ಪೆಟ್ಟಿಗೆ ದೀಪ ಮತ್ತು ಬೆಳಕು ಗ್ರಹಿಸುವ ಸಣ್ಣ ತುಂಡಿನಿಂದ ಕೆಲಸ ಮಾಡುತ್ತದೆ. ಅದುಮಿದ್ದರಲ್ಲಿ ಅರ್ಧವನ್ನು ಬೇಗ ಬಿಡುತ್ತದೆ, ಉಳಿದ ಅರ್ಧವನ್ನು ಸೆಕೆಂಡುಗಟ್ಟಲೆ ನಿಧಾನವಾಗಿ ಬಿಡುತ್ತದೆ. 1967ರಲ್ಲಿ ಬಿಲ್ ಪುಟ್ನಮ್ ಹೊರತಂದ 1176 ಅನ್ನುವ ಪೆಟ್ಟಿಗೆ ಇದಕ್ಕೆ ತೀರಾ ಉಲ್ಟಾ. ಅದರ ಅಟ್ಯಾಕ್ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಹಾಡಿಗೆ ಇವೆರಡನ್ನು ಒಂದರ ಹಿಂದೆ ಒಂದು ಹಾಕುವ ರೂಢಿ ಉಂಟು, ಮೊದಲು 1176 ಚುರುಕಾಗಿ ತುದಿ ಹಿಡಿಯುತ್ತದೆ, ಆಮೇಲೆ ಎಲ್‌ಎ-2ಎ ನಿಧಾನವಾಗಿ ಒಟ್ಟು ದನಿ ಹಿಡಿಯುತ್ತದೆ. ನನ್ನ ಹತ್ತಿರ ಇರುವುದು ಸಾದಾ ವಿಸಿಎ (ವೋಲ್ಟೇಜಿನಿಂದ ಮಟ್ಟ ಬದಲಿಸುವ ಸರ್ಕ್ಯೂಟು) ಜಾತಿಯದು. ಆದರೂ ಆ ಯೋಚನೆ ನನಗೆ ಒದಗಿತು. ಸ್ಟುಡಿಯೋದಲ್ಲಿ ಒಂದು ಚಾನೆಲನ್ನು ಚುರುಕಾಗಿ, ಇನ್ನೊಂದನ್ನು ನಿಧಾನಕ್ಕೆ ಇಟ್ಟು, ಒಂದರಿಂದ ಇನ್ನೊಂದಕ್ಕೆ ಮಾಷ್ಟ್ರ ದನಿ ಹಾಯಿಸಿದರೆ ಎರಡೂ 2–3 ಡೆಸಿಬಲಿಗಿಂತ ಜಾಸ್ತಿ ದುಡಿಯಬೇಕಾಗಲಿಲ್ಲ.

ಭಾಗವತರ ಜಾಗಟೆಗೆ ಮದ್ದು ಮೊದಲು ಮೈಕಿನ ಸ್ಟ್ಯಾಂಡಿನಲ್ಲಿ ಸಿಕ್ಕಿತು. ಕಾರ್ಡಿಯಾಯ್ಡ್ ಮೈಕಿಗೆ ಹಿಂಬದಿಯಿಂದ ಬರುವ ಸದ್ದು ಅತಿ ಕಡಿಮೆ ಕೇಳುತ್ತದೆ. “ಭಾಗವತರೇ, ಜಾಗಟೆ ಸ್ವಲ್ಪ ಕೆಳಗೆ, ಮೈಕಿನ ಬೆನ್ನಿಗೆ ಬರುವ ಹಾಗೆ ಹಿಡಿಯಬಹುದಾ” ಅಂತ ಕೇಳಿದೆ. “ಕೈ ನಾನು ಬದಲಿಸುವುದಿಲ್ಲ, ಮೈಕನ್ನು ನೀನು ಬದಲಿಸು” ಅಂದರು. ಸರಿಯಾದ ಮಾತೇ. ಸ್ಟ್ಯಾಂಡನ್ನು ಇನ್ನೊಂದು ಬದಿಗೆ ತಂದು, ಮೈಕಿನ ಬೆನ್ನು ಜಾಗಟೆಗೆ ಬರುವ ಹಾಗೆ ಓರೆ ಮಾಡಿದೆ. ಅರ್ಧ ಸದ್ದು ಅಲ್ಲೇ ಹೋಯಿತು.

ಉಳಿದ ಅರ್ಧಕ್ಕೆ ಯೂನಿಟಿನ ಹಿಂದೆ ಇರುವ ಸೈಡ್‌ಚೈನ್ ಜ್ಯಾಕ್ ಉಪಯೋಗಕ್ಕೆ ಬಂತು. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ. ಕಂಪ್ರೆಸರಿನ ಒಳಗೆ ದಾರಿ ಎರಡು. ಒಂದು ದನಿ ಹೋಗುವ ದಾರಿ, ಇನ್ನೊಂದು ಎಷ್ಟು ಅದುಮಬೇಕು ಅಂತ ಲೆಕ್ಕ ಹಾಕುವ ದಾರಿ. ಸೈಡ್‌ಚೈನ್ ಜ್ಯಾಕ್ ಲೆಕ್ಕದ ದಾರಿಯದ್ದು. ಅಲ್ಲಿಗೆ ಹಳೇ ಗ್ರಾಫಿಕ್ ಈಕ್ವಲೈಸರ್ (ಸದ್ದಿನ ತಗ್ಗು-ಹೆಚ್ಚು ಕಂಪನಗಳನ್ನು ಬೇರೆ ಬೇರೆಯಾಗಿ ಏರಿಸುವ-ಇಳಿಸುವ ಪೆಟ್ಟಿಗೆ) ಒಂದನ್ನು ಜೋಡಿಸಿ, 2 ಕಿಲೋಹರ್ಟ್ಸಿನಿಂದ ಮೇಲಿನ ಗುಬ್ಬಿಗಳನ್ನು ಇಳಿಸಿದೆ. ಹಾಡಿನ ಬಣ್ಣ ಒಂದು ಚೂರೂ ಬದಲಾಗುವುದಿಲ್ಲ, ಯಾಕೆಂದರೆ ದನಿ ಈಕ್ವಲೈಸರಿನ ಮೂಲಕ ಹೋಗುವುದೇ ಇಲ್ಲ. ಲೆಕ್ಕ ಹಾಕುವ ಕಿವಿಗೆ ಮಾತ್ರ ಜಾಗಟೆ ಮಂದವಾಗಿ ಕೇಳುತ್ತದೆ. ಆಮೇಲೆ ಪೆಟ್ಟಿಗೆ 6 ಡೆಸಿಬಲ್ ಬದಲು ಒಂದೂವರೆ ಡೆಸಿಬಲ್ ಅದುಮಿತು. ಭಾಗವತರ ದನಿ ನೆಲೆ ನಿಂತಿತು. ನನಗೆ ಆ ಹೊತ್ತಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಗೇಟನ್ನು ಬಿಸಾಡಿಲ್ಲ. ಈಗ ಸ್ಟುಡಿಯೋದಲ್ಲಿ ಬಳಸುತ್ತೇನೆ. ಹಸಿ ಟ್ರ್ಯಾಕನ್ನು ಕಂಪ್ಯೂಟರಿನ ಆಡಿಯೋ ಇಂಟರ್‌ಫೇಸಿನಿಂದ ಹೊರಗೆ ಕಳಿಸಿ, ಯೂನಿಟಿನಿಂದ ಹಾಯಿಸಿ, ವಾಪಸ್ ರೆಕಾರ್ಡ್ ಮಾಡುವುದು. ಸರಿ ಬರಲಿಲ್ಲ ಅಂದರೆ ಇನ್ನೊಮ್ಮೆ. ಹೊರಗೆ ಹೋಗಿ ಬರುವಾಗ ಕೆಲವು ಮಿಲಿಸೆಕೆಂಡ್ ತಡವಾಗುತ್ತದೆ. ಒಂದು ಟಿಕ್ ಸದ್ದು ಕಳಿಸಿ ಎಷ್ಟು ತಡವಾಗಿದೆ ಅಂತ ಅಳೆದು ಅಷ್ಟು ಹಿಂದಕ್ಕೆ ಎಳೆಯಬೇಕು. ಯೂನಿಟಿನ ಹಿಂದಿನ ಮಟ್ಟದ ಸ್ವಿಚ್ಚನ್ನೂ ನೋಡಬೇಕು. ಪ್ಲಸ್ 4 (ಸ್ಟುಡಿಯೋ ಸಾಮಾನಿನ ಮಟ್ಟ) ಮತ್ತು ಮೈನಸ್ 10ರ (ಮನೆಬಳಕೆ ಸಾಮಾನಿನ ಮಟ್ಟ) ನಡುವೆ ಸುಮಾರು 12 ಡೆಸಿಬಲ್ ವ್ಯತ್ಯಾಸ ಉಂಟು. ಅದು ತಪ್ಪಿದರೆ ಥ್ರೆಶೋಲ್ಡಿನ ಗುರುತುಗಳೆಲ್ಲ ಸುಳ್ಳಾಗುತ್ತವೆ.

ಡ್ರಾಮರ್ ಡಿಎಸ್201ರಂಥ ಒಳ್ಳೆ ಗೇಟುಗಳಲ್ಲಿ ರೇಂಜ್, ಹೋಲ್ಡ್ ಎರಡಕ್ಕೂ ಗುಬ್ಬಿ ಇರುತ್ತದೆ. ಮುಚ್ಚಿದಾಗ ಎಷ್ಟು ಡೆಸಿಬಲ್ ಇಳಿಯಬೇಕು ಅನ್ನುವುದು ರೇಂಜ್. ದನಿ ಇಳಿದ ಮೇಲೂ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದು ಹೋಲ್ಡ್. ನನ್ನ ಯೂನಿಟಿನಲ್ಲಿ ಇವೆರಡೂ ಇಲ್ಲ, ಥ್ರೆಶೋಲ್ಡ್ ಒಂದು, ಬೇಗ-ನಿಧಾನ ಅನ್ನುವ ರಿಲೀಸ್ ಸ್ವಿಚ್ಚು ಒಂದು. ಅದಕ್ಕೆ ಒಂದು ಉಪಾಯ ಮಾಡಿದೆ. ಗೇಟು ಹಾಕಿದ ಟ್ರ್ಯಾಕಿನ ಜೊತೆ ಹಸಿ ಟ್ರ್ಯಾಕನ್ನು 10 ಡೆಸಿಬಲ್ ಕೆಳಗೆ ಇಟ್ಟು ಕೂಡಿಸುವುದು. ಗೇಟು ಮುಚ್ಚಿದರೂ ಹಸಿ ದನಿ ಉಳಿಯುತ್ತದೆ. ತೆರೆದಾಗ ಎರಡೂ ಸೇರುತ್ತವೆ. ಲೆಕ್ಕ ಹಾಕಿದರೆ ತೆರೆದದ್ದಕ್ಕೂ ಮುಚ್ಚಿದ್ದಕ್ಕೂ ಸುಮಾರು 12 ಡೆಸಿಬಲ್ ಅಂತರ. ಮಳೆ ಹಿಂದೆ ಸರಿಯುತ್ತದೆ, ಮಾಯವಾಗುವುದಿಲ್ಲ. ‘ಅಲ್ಲ’ ಮೆತ್ತಗಾಗಬಹುದು, ಹೋಗುವುದಿಲ್ಲ. ಮೇಲೆ ಹೇಳಿದ ಮಿಲಿಸೆಕೆಂಡ್ ಲೆಕ್ಕ ಇಲ್ಲಿ ಕರಾರುವಾಕ್ಕಾಗಿ ಇರಬೇಕು, ಇಲ್ಲದಿದ್ದರೆ ಎರಡು ದನಿ ಒಂದಕ್ಕೊಂದು ತಾಗಿ ಡಬ್ಬದೊಳಗೆ ಮಾತಾಡಿದ ಹಾಗೆ ಆಗುತ್ತದೆ.

ಚೆಂಡೆಯದ್ದು ಇನ್ನೂ ಬಾಕಿ. ಅದಕ್ಕೆ ಮೈಕೇ ಇಡದಿದ್ದರೂ ಎಲ್ಲರ ಮೈಕಿನಿಂದ ಬೇಕಾದಷ್ಟು ಬರುತ್ತದೆ. ಹಾಗೆ ಬಂದ ಚೆಂಡೆಗೆ ಕೋಲಿನ ಮೊನೆ ಇರುವುದಿಲ್ಲ, ಮೊನೆ ಬೇಕೆಂದು ಮೈಕ್ ಇಟ್ಟರೆ ಜಾಸ್ತಿಯಾಗುತ್ತದೆ. ಪೆರ್ಲದಲ್ಲಿ ಚೆಂಡೆಯವರನ್ನು ಒಂದು ಮೀಟರ್ ಹಿಂದೆ ಕೂರಿಸಿ ನೋಡಿದೆ. ಭಾಗವತರ ಕೈಸನ್ನೆ ಕಾಣುವುದಿಲ್ಲ ಅಂತ ಎರಡನೇ ಪದಕ್ಕೇ ಅವರು ಮುಂದೆ ಬಂದರು. ಮುಂದಿನ ಕೂಟದಲ್ಲಿ ಹಿಂದೆ ಅಲ್ಲ, ಬದಿಯಲ್ಲಿ ಕೂರಿಸಿ ನೋಡಬೇಕೆಂದಿದ್ದೇನೆ.